ದಿವಾಳಿ ಎದ್ದದ್ದು ಯಾರು?

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಫ್ಲೆಕ್ಸುಗಳ ಮೇಲೆ ಕನ್ನಡ ಲಿಪಿಯಲ್ಲೇ ‘ಹ್ಯಾಪಿ ದಿವಾಳಿ’ ಎಂದು ಅಚ್ಚಾಗಿರುತ್ತದೆ. ಹಿಂದಿಯಲ್ಲಿ ಬಂದದ್ದನ್ನು ಅಕ್ಷರ ಬದಲಿಸಿ ಒತ್ತಿದವರ ಪಾಲಿಗೆ ಅದು ಹಬ್ಬ. ಓದುವ ಕನ್ನಡಿಗನಿಗೆ ಮಾತ್ರ ‘ಮುಳುಗಿ ಸುಖವಾಗಿರಿ’ ಎಂದು ಹರಸಿದಂತೆ ಕೇಳಿಸುತ್ತದೆ. ನಮಗೆ ಹಬ್ಬ ಎಂದರೆ ದೀಪಾವಳಿ, ಹಳ್ಳಿಯ ಬಾಯಲ್ಲಿ ದೀವಳಿಗೆ. ದಿವಾಳಿ ಎಂದರೆ ಸಾಲ ತೀರಿಸಲಾಗದೆ ಕೈಯೆತ್ತುವುದು. ಹಾಗೆಂದು ಫ್ಲೆಕ್ಸು ಬರೆದವರನ್ನು ಪೂರ್ತಿ ಆಡಿಕೊಳ್ಳುವಂತೆಯೂ ಇಲ್ಲ. ಎರಡೂ ಮಾತು ಒಂದೇ ದೀಪದಿಂದ ಹತ್ತಿಕೊಂಡವು ಎನ್ನುವವರು ಇನ್ನೂರು ವರ್ಷದಿಂದ ಇದ್ದಾರೆ.

ದಿವಾಳಿ ಹೊರಗಿನಿಂದ ಬಂದ ಪದ. ಹಿಂದಿಯ ದಿವಾಲಾ, ಮರಾಠಿಯ ದಿವಾಳೆ, ಗುಜರಾತಿಯ ದೇವಾಳುಂ ಎಲ್ಲ ಒಂದೇ ಬಳಗ. ಹುಂಡಿ, ದಲಾಲಿಗಳು ಬಂದ ಪೇಟೆಯ ದಾರಿಯಲ್ಲೇ ಇದೂ ನಮ್ಮಲ್ಲಿಗೆ ಬಂದಂತೆ ಕಾಣುತ್ತದೆ. ಕಂಪನಿ ಸರ್ಕಾರದ ಕಾಲದಲ್ಲಿ, 1808ರಲ್ಲಿ, ಡ್ರಮಂಡ್ ಎಂಬಾತ ಗುಜರಾತಿ, ಮರಾಠಿ ವ್ಯಾಕರಣದ ಪುಸ್ತಕವೊಂದನ್ನು ಮುಂಬಯಿಯಲ್ಲಿ ಹೊರತಂದ. ಅದರಲ್ಲಿ ಈ ಪದಕ್ಕೊಂದು ಕತೆ ಇದೆ. 1886ರ ಹಾಬ್ಸನ್-ಜಾಬ್ಸನ್ ಕೋಶ ಅದನ್ನೇ ಎತ್ತಿಕೊಂಡಿತು. ವ್ಯಾಪಾರ ಕೈಮೀರಿತು ಎಂದು ಖಾತ್ರಿಯಾದಾಗ ವರ್ತಕ ತನ್ನ ಮನೆಯಲ್ಲೋ ಅಂಗಡಿಯಲ್ಲೋ ಒಂದು ದೀಪವನ್ನು ದೊಡ್ಡದಾಗಿ ಉರಿಸಿಟ್ಟು ಕಣ್ಮರೆಯಾಗುತ್ತಿದ್ದ. ಲೆಕ್ಕ ಹೊರಬಿದ್ದು, ಇದ್ದದ್ದನ್ನು ಹಂಚಿ, ಸಾಲ ಕೊಟ್ಟವರಿಗೆ ಸಮಾಧಾನವಾದ ಮೇಲೆಯೇ ಅವನ ಮುಖ ಕಾಣುತ್ತಿದ್ದದ್ದು. ದೀಪ ಹಚ್ಚಿದವನೇ ದಿವಾಲಿಯಾ. ಈ ವ್ಯುತ್ಪತ್ತಿಯ ಬಗ್ಗೆ ತಕರಾರಿದೆ ಎಂದು ಕೋಶದವರೇ ಎಚ್ಚರಿಸಿದ್ದಾರೆ. ತಕರಾರು ವಿದ್ವಾಂಸರಿಗಿರಲಿ. ವ್ಯಾಪಾರಿಗಳ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಂದು ಅಂಗಡಿಯಲ್ಲಿ ದೀಪ ಉರಿಯುತ್ತಿದ್ದರೆ ಅದನ್ನು ಓದಲು ಯಾವ ಕೋಶವೂ ಬೇಕಿರಲಿಲ್ಲ.

ತಮಾಷೆಯೆಂದರೆ ಹಗಲಿನ ದೀಪಕ್ಕೆ ನಮ್ಮ ನಾಡಿನಲ್ಲಿ ಇದ್ದ ಅರ್ಥವೇ ಬೇರೆ. ಮಠದ ಗುರುಗಳ ಮುಂದೆ ಹಗಲು ದೀವಟಿಗೆ ಹಿಡಿಯುವುದು ಬಿರುದು. ಅದಕ್ಕೆ ಅರಸರಿಂದ ಅಪ್ಪಣೆ ಬೇಕಿತ್ತು, ಎಲ್ಲರಿಗೂ ಸಲ್ಲುವ ಗೌರವ ಅಲ್ಲ. ಸೂರ್ಯನಿದ್ದಾಗ ಉರಿಯುವ ಬೆಂಕಿ ಒಬ್ಬನಿಗೆ ಮೆರವಣಿಗೆ, ಇನ್ನೊಬ್ಬನಿಗೆ ಮಾನಹರಾಜು. ಎರಡರಲ್ಲೂ ಸಮಾನವಾದದ್ದು ಒಂದೇ: ಊರೆಲ್ಲ ನೋಡಲಿ ಎಂಬುದು. ಇಟಲಿಯ ಪೇಟೆಯಲ್ಲಿ ಸೋತ ಲೇವಾದೇವಿಗಾರನ ಬೆಂಚನ್ನೇ ಮುರಿಯುತ್ತಿದ್ದರಂತೆ, ‘ಬ್ಯಾಂಕ್ರಪ್ಟ್’ ಹುಟ್ಟಿದ್ದು ಅಲ್ಲಿಂದ. ಅಲ್ಲಿ ಮುರಿಯುವವರು ಬೇರೆಯವರು. ಇಲ್ಲಿ ದೀಪ ಹಚ್ಚುವವನು ತಾನೇ.

ಈ ‘ತಾನೇ’ ಎಂಬುದು ಕನ್ನಡಕ್ಕೆ ಬರುವಷ್ಟರಲ್ಲಿ ಮಾಸಿತು. ಕ್ರಿಯಾಪದಗಳನ್ನು ನೋಡಿ. ‘ದಿವಾಳಿ ತೆಗೆದ’ ಎನ್ನುವಾಗ ಕೆಲಸ ಅವನದು, ಬೇಕೆಂದೇ ಮಾಡಿದ್ದು. ‘ದಿವಾಳಿ ಆದ’ ಎನ್ನುವಾಗ ಹಣೆಬರಹದ್ದು. ‘ದಿವಾಳಿ ಎದ್ದ’ ಎನ್ನುವಾಗ ಏನು ಎದ್ದಿತು, ಯಾರು ಎಬ್ಬಿಸಿದರು ಒಂದೂ ತಿಳಿಯದು, ಊರು ಎದ್ದದ್ದು ಮಾತ್ರ ನಿಜ. ಇನ್ನು ‘ದಿವಾಳಿಕೋರ’. ಈ ಕೋರ ಎಂಬುದು ಪಾರಸಿಯ ಖೋರ್, ತಿನ್ನುವವನು. ಲಂಚಕೋರ, ಚಾಡಿಕೋರ, ದಂಗೆಕೋರ, ಹಲ್ಲೆಕೋರ, ಲಾಭಕೋರ: ಈ ಬಾಲ ಅಂಟಿಸಿಕೊಂಡ ಒಬ್ಬನೂ ಮರ್ಯಾದಸ್ಥನಲ್ಲ. ಮಳೆ ಕೈಕೊಟ್ಟು, ಮಾಲು ಕೊಳೆತು, ಕೊಟ್ಟ ಉದ್ದರಿ ವಾಪಸು ಬಾರದೆ ಸೋತ ಮನುಷ್ಯನನ್ನು ನಮ್ಮ ಭಾಷೆ ಇವರ ಸಾಲಿನಲ್ಲಿ ತಂದು ಕೂರಿಸಿತು. ಪತ್ರಿಕೆಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎದುರಾಳಿಗೆ ಬೌದ್ಧಿಕ ದಿವಾಳಿತನ, ರಾಜಕೀಯ ದಿವಾಳಿತನ, ನೈತಿಕ ದಿವಾಳಿತನ ಎಂದು ದಿನಕ್ಕೊಂದು ಹಂಚುತ್ತವೆ. ಅಷ್ಟು ಸವೆದರೂ ಪದದ ಮೊನೆ ಮೊಂಡಾಗಿಲ್ಲ.

ಬೀದಿಯಲ್ಲಿ ಇದಕ್ಕೊಬ್ಬ ದಾಯಾದಿ ಇದ್ದಾನೆ, ಪಾಪರ್. ಬಡವ ಎಂಬರ್ಥದ ಲ್ಯಾಟಿನ್ ಮಾತು ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಕೋರ್ಟಿಗೆ ಇಳಿಯಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ಮೂಲದಲ್ಲಿ ಪಾಪರುಗಳ ದಾವೆಗೆ ಮೀಸಲು. ಕೋರ್ಟ್ ಫೀ ಕಟ್ಟಲು ಗತಿಯಿಲ್ಲದವನೂ ದಾವೆ ಹೂಡಲಿ ಎಂಬ ಸೌಲಭ್ಯ. ಅಂದರೆ ಕಾನೂನಿನ ಪಾಪರ್ ಸಾಲ ತೀರಿಸದವನಲ್ಲ, ನ್ಯಾಯ ಕೇಳಲು ಬಂದ ಬಡವ. ನಮ್ಮ ಜನ ಆ ಭೇದ ಇಟ್ಟುಕೊಳ್ಳಲಿಲ್ಲ. ‘ಪಾಪರ್ ಆದ’, ‘ಪಾಪರ್ ಚೀಟಿ ತಗೊಂಡ’ ಎಂದರೆ ಮುಳುಗಿದ ಎಂದೇ. ಸಂಸ್ಕೃತದ ಪಾಪ ಕನ್ನಡದಲ್ಲಿ ಕರುಣೆಯ ಉದ್ಗಾರವೂ ಆಗಿರುವುದರಿಂದ ಈ ಪದ ಸಲೀಸಾಗಿ ಒಗ್ಗಿತೋ ಏನೋ. ‘ಪಾಪ, ಪಾಪರ್ ಆಗ್ಬಿಟ್ಟ ಕಣೋ’ ಎನ್ನುವಾಗ ಯಾವುದು ಎಲ್ಲಿಯದು ಹೇಳುವುದು ಕಷ್ಟ. 1976ರ ತಿದ್ದುಪಡಿ ಸಂಹಿತೆಯಿಂದ ಪಾಪರನನ್ನು ಹೊರಗೆ ಹಾಕಿ ‘ನಿರ್ಗತಿಕ ವ್ಯಕ್ತಿ’ಯನ್ನು ಕೂರಿಸಿತು. ಹೋಟೆಲಿನ ಮೇಜುಗಳಲ್ಲಿ ಆ ತಿದ್ದುಪಡಿ ಇನ್ನೂ ಜಾರಿಗೆ ಬಂದಿಲ್ಲ. ನೆರೆಯ ತೆಲುಗಿನವರು ಇದನ್ನೇ ‘ಐಪಿ ಹಾಕಿದ’ ಎನ್ನುತ್ತಾರೆ, ಇನ್ಸಾಲ್ವೆನ್ಸಿ ಪಿಟಿಷನ್ನಿನ ಮೊದಲಕ್ಷರ ಹಿಡಿದು. ತಮಿಳರ ಬಾಯಲ್ಲಿ ಅದು ಹಳದಿ ಕಾಗದ ಕೊಡುವುದು.

ಈ ಎಲ್ಲ ಮಾತುಗಳಲ್ಲೂ ಸಾಮಾನ್ಯವಾದ ಒಂದು ದೋಷವಿದೆ. ಕಾನೂನಿಗೆ ದಿವಾಳಿ ಆಗುವುದು ಒಬ್ಬ ವ್ಯಕ್ತಿ. ಊರಿನ ಬಾಯಿಗೆ ದಿವಾಳಿ ಆಗುವುದು ಒಂದು ಮನೆ. ‘ಆ ಮನೆ ದಿವಾಳಿ ಎದ್ದುಹೋಯ್ತು’, ‘ಮನೆಮಠ ಕಳಕೊಂಡ್ರು’ ಎಂದು ಬಹುವಚನದಲ್ಲೇ ತೀರ್ಪು. ಇದರ ಬೇರು ‘ಮನೆ’ ಎಂಬ ಪದದಲ್ಲೇ ಇದ್ದರೂ ಇರಬಹುದು. ತಮಿಳಿನ ಮನೈ ಎಂದರೆ ಮನೆ, ಹೆಂಡತಿಯೂ ಹೌದು. ಮನೈವಿ ಎಂಬುದು ಅಲ್ಲಿಂದಲೇ. ಕನ್ನಡದಲ್ಲಿ ‘ನಮ್ಮನೆಯವರು’ ಎಂದರೆ ಮನೆಯ ಜನರೆಲ್ಲ ಅಲ್ಲ, ಗಂಡ. ಗಂಡಸಿನ ಬಾಯಲ್ಲಿ ಹೆಂಡತಿ. ಹೆಸರು ಹಿಡಿಯಬಾರದ ಸಂಕೋಚಕ್ಕೆ ಕಟ್ಟಿಕೊಂಡ ಮಾತು ಜೊತೆಗಾರರನ್ನೂ ಗೋಡೆಯನ್ನೂ ಒಂದು ಮಾಡಿತು. ನಮ್ಮನೆಯವರು ದಿವಾಳಿಯಾದರೆ ನಮ್ಮನೆ ದಿವಾಳಿಯಾದಂತೆಯೇ ಎಂದು ಭಾಷೆ ಮೊದಲೇ ನಿಶ್ಚಯ ಮಾಡಿಬಿಟ್ಟಿದೆ. ಮನೆಯ ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರೂ ಅಷ್ಟೇ.

ಕಾನೂನು ಹಾಗೆ ನಿಶ್ಚಯ ಮಾಡಿಲ್ಲ. ಇವತ್ತಿನದಷ್ಟೇ ಅಲ್ಲ, ಹಳೆಯದೂ ಮಾಡಿರಲಿಲ್ಲ. ಹಳೆಯದಕ್ಕೆ ನಾವು ದೂರ ಹೋಗಬೇಕಿಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋದರೆ ಸಾಕು. ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದದ್ದು ಅಲ್ಲಿ. ಮುಂದೆ ಬಂಗಾಳದ ಕಡೆ ಬಿಟ್ಟು ದೇಶದ ಬಹುಭಾಗದ ಹಿಂದೂ ಆಸ್ತಿ ಕಾನೂನು ನಿಂತದ್ದು ಆ ಪುಸ್ತಕದ ಮೇಲೆ. ಅವನು ವ್ಯಾಖ್ಯಾನಿಸಿದ ಸ್ಮೃತಿಯ ಸಾಲದ ಪ್ರಕರಣ ಸ್ಪಷ್ಟವಾಗಿದೆ: ಗಂಡ ಮಾಡಿದ ಸಾಲ, ಮಗ ಮಾಡಿದ ಸಾಲ ಹೆಂಗಸು ತೀರಿಸಬೇಕಿಲ್ಲ, ಹೆಂಡತಿ ಮಾಡಿದ್ದು ಗಂಡ ತೀರಿಸಬೇಕಿಲ್ಲ, ಸಂಸಾರಕ್ಕೆಂದು ಮಾಡಿದ್ದಾದರೆ ಮಾತ್ರ ಬೇರೆ. ಹೆಂಗಸು ತೀರಿಸಬೇಕಾದ ಸಾಲ ಮೂರು: ತಾನು ಒಪ್ಪಿಕೊಂಡದ್ದು, ಗಂಡನ ಜೊತೆ ಸೇರಿ ಮಾಡಿದ್ದು, ತಾನೇ ಮಾಡಿದ್ದು. ಇದಕ್ಕೊಂದು ಸ್ವಾರಸ್ಯದ ಅಪವಾದವೂ ಉಂಟು. ಗೊಲ್ಲ, ಹೆಂಡ ಮಾರುವವ, ನಟ, ಅಗಸ, ಬೇಡ ಇವರ ಹೆಂಡಿರು ಮಾಡಿದ ಸಾಲಕ್ಕೆ ಗಂಡಂದಿರು ಹೊಣೆ. ಕಾರಣವನ್ನೂ ಹೇಳಿದೆ, ಆ ಸಂಸಾರಗಳು ನಡೆಯುವುದೇ ಹೆಂಗಸರ ದುಡಿಮೆಯಿಂದ. ಅಂಗಡಿಗೆ ಕೂತವಳು ಯಾರು ಎಂದು ನೋಡಿ ಹೊಣೆ ಹಂಚಿದ ಈ ಬುದ್ಧಿ ನನಗೆ ಮೆಚ್ಚುಗೆ. ಸ್ತ್ರೀಧನದ ವಿಷಯದಲ್ಲಿ ಅದೇ ಸ್ಮೃತಿ ಗಂಡನಿಗೊಂದು ಕಿಂಡಿ ಬಿಟ್ಟಿದೆ: ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ ಇಂಥ ಹೊತ್ತಿನಲ್ಲಿ ಬಳಸಿದ್ದನ್ನು ಅವನು ವಾಪಸು ಕೊಡಬೇಕಿಲ್ಲ. ಮಿಕ್ಕ ಸಮಯದಲ್ಲಿ ಅದು ಅವಳದು.

ಆ ಮೂರರಲ್ಲಿ ನಡುವಿನದನ್ನು, ಗಂಡನ ಜೊತೆ ಸೇರಿ ಮಾಡಿದ ಸಾಲವನ್ನು, ಮನಸ್ಸಿನಲ್ಲಿಟ್ಟುಕೊಂಡು ಈ ಕಾಲಕ್ಕೆ ಬರೋಣ. ಮೂವತ್ತು-ನಲವತ್ತರ ಸೈಟು, ಅದರಲ್ಲೊಂದು ಮನೆ, ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ ಎಂದಿಟ್ಟುಕೊಳ್ಳಿ. ಗಂಡನ ವ್ಯಾಪಾರ ಕುಸಿಯಿತು. ಸಾಮಾನ್ಯ ಮನುಷ್ಯನ ದಿವಾಳಿಗೆ ಇಂದಿಗೂ ನಡೆಯುತ್ತಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕೋರ್ಟು ಅವನನ್ನು ದಿವಾಳಿ ಎಂದು ಘೋಷಿಸಿದ ಗಳಿಗೆಯಿಂದ 28ನೇ ಕಲಮಿನಂತೆ ಅವನ ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶ. ಅವನ ಆಸ್ತಿ ಎಂಬಲ್ಲಿ ಒತ್ತು ಇರಲಿ. ಹೆಂಡತಿಯ ಪಾಲು ಅದರಲ್ಲಿ ಸೇರುವುದಿಲ್ಲ. ಆ ಪಾಲು ಎಷ್ಟು? ಪತ್ರದಲ್ಲಿ ಬರೆದಿದ್ದರೆ ಅಷ್ಟು. ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು ನೋಡಬೇಕು: ಯಾರು ಎಷ್ಟು ಹಣ ಹಾಕಿದರೋ ಆ ಪ್ರಮಾಣ, ಅದಕ್ಕೆ ಸಾಕ್ಷ್ಯ ಸಿಗದಿದ್ದರೆ ಸಮಪಾಲು. ಹೆಂಡತಿಯ ಸಂಬಳದಿಂದ, ತವರಿನ ದುಡ್ಡಿನಿಂದ ಹೋದ ಕಂತುಗಳ ಪಾಸ್‌ಬುಕ್ಕು ಹತ್ತು ವರ್ಷದ ಮೇಲೆ ಮಾತಾಡುವುದು ಇಲ್ಲಿ.

ಹಾಗಾದರೆ ರಿಸೀವರ್ ಮಾರುವುದು ಏನನ್ನು? ಅರ್ಧ ಮನೆಯನ್ನು. ಹಾಲು ಒಬ್ಬರಿಗೆ, ಅಡುಗೆಮನೆ ಒಬ್ಬರಿಗೆ ಎಂದಲ್ಲ; ಗೆರೆ ಎಳೆಯಲಾಗದ, ಪ್ರತಿ ಇಟ್ಟಿಗೆಯಲ್ಲೂ ಅರ್ಧ ಎನ್ನುವ ಅವಿಭಕ್ತ ಹಿಸ್ಸೆಯನ್ನು. ಹರಾಜಿನಲ್ಲಿ ಇಂಥ ಸರಕಿಗೆ ಗಿರಾಕಿ ಕಡಿಮೆ, ಬೆಲೆ ಇನ್ನೂ ಕಡಿಮೆ. ಕೊಂಡವನು ಮರುದಿನ ಹಾಸಿಗೆ ಹೊತ್ತುಕೊಂಡು ಬಂದು ಹಾಲಿನಲ್ಲಿ ಬಿಡಾರ ಹೂಡುವಂತಿಲ್ಲ. ವಿಭಾಗದ ದಾವೆ ಹಾಕಬೇಕು. ಇಷ್ಟು ಸಣ್ಣ ಮನೆಯನ್ನು ಸೀಳಲಾಗದು ಎಂದು ಕಂಡರೆ, ಅರ್ಧ ಅಥವಾ ಹೆಚ್ಚು ಪಾಲಿನವರ ಕೋರಿಕೆಯ ಮೇಲೆ ಪೂರ್ತಿ ಮಾರಿ ದುಡ್ಡು ಹಂಚುವ ಅಧಿಕಾರ 1893ರ ವಿಭಾಗ ಕಾಯ್ದೆಯಲ್ಲಿದೆ. ಹೆಂಡತಿಗೂ ಒಂದು ದಾರಿ ಇರುವುದು ಅಲ್ಲೇ, 3ನೇ ಕಲಮಿನಲ್ಲಿ: ಮಾರಿ ಎಂದವನ ಪಾಲನ್ನು ಕೋರ್ಟು ಕಟ್ಟಿಸಿದ ಬೆಲೆಗೆ ತಾನೇ ಕೊಳ್ಳುತ್ತೇನೆ ಎನ್ನಬಹುದು. ದುಡ್ಡು ಹೊಂದಿಸುವುದು ಅವಳ ಕಷ್ಟ, ಹಕ್ಕಂತೂ ಇದೆ. ಅನೇಕ ಸಂಸಾರಗಳಲ್ಲಿ ತವರಿನ ಅಣ್ಣನೋ ತಮ್ಮನೋ ನಿಂತು ಈ ಅರ್ಧ ಬಿಡಿಸಿಕೊಳ್ಳುವುದುಂಟು.

ಇದೆಲ್ಲ ಬೀದಿಗೆ ಬರುವ ಬಗೆ ನೋಡಿ. ದಿವಾಳಿಗೆ ಮೊದಲೇ ಸಾಲ ಕೊಟ್ಟವನೊಬ್ಬ ಡಿಕ್ರಿ ತಂದು ಅದರ ಜಾರಿಗೆ ಸ್ಥಿರಾಸ್ತಿ ಜಪ್ತಿ ಮಾಡಿಸುವಾಗ ಆಸ್ತಿಯ ಹತ್ತಿರದಲ್ಲೇ ಡೋಲು ಬಾರಿಸಿಯೋ ರೂಢಿಯ ಬೇರೆ ಕ್ರಮದಲ್ಲೋ ಸಾರಬೇಕು, ಆದೇಶದ ಪ್ರತಿಯನ್ನು ಎದ್ದುಕಾಣುವ ಕಡೆ ಅಂಟಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮ ಹೇಳುತ್ತದೆ. ನಮ್ಮೂರುಗಳ ಭಾಷೆಯಲ್ಲಿ ಅಮೀನ ಬಂದು ಟಾಂಟಾಂ ಹೊಡೆಸುವುದು. ಅಮೀನ ಎಂಬ ಅರಬ್ಬಿ ಮಾತಿಗೆ ನಂಬಿಕಸ್ಥ ಎಂದರ್ಥ; ಬಾಗಿಲಿಗೆ ಕಾಗದ ಅಂಟಿಸಿಹೋದ ಮೇಲೆ ಆ ಅರ್ಥ ಯಾರಿಗೂ ನೆನಪಾಗದು. ಹೊಸಿಲ ಮೇಲೆ ನಿಂತ ಹೆಂಗಸಿಗೆ, ಕೇಳುತ್ತಿರುವ ನೆರೆಹೊರೆಗೆ, ಜಪ್ತಿ ಆದದ್ದು ಅರ್ಧವೋ ಪೂರ್ತಿಯೋ ಎಂದು ಡೋಲು ತಿಳಿಸುವುದಿಲ್ಲ. ತನ್ನ ಪಾಲು ಸೇರಿಸಿ ಜಪ್ತಿ ಮಾಡಿದ್ದಾರೆ ಎಂದು ಕಂಡರೆ ಅವಳು ಅದೇ ಆದೇಶದ 58ನೇ ನಿಯಮದಂತೆ ತಕರಾರು ಅರ್ಜಿ ಹಾಕಬಹುದು. ತಡ ಮಾಡಬಾರದು.

ಜಪ್ತಿಯಲ್ಲಿ ಮುಟ್ಟಬಾರದ ವಸ್ತುಗಳ ಪಟ್ಟಿಯೊಂದು ಅದೇ ಸಂಹಿತೆಯ 60ನೇ ಕಲಮಿನಲ್ಲಿದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ. ಕಸುಬುದಾರನ ಹತಾರ, ರೈತನ ನೇಗಿಲು, ಎತ್ತು. ಧರ್ಮದ ರೂಢಿಯಂತೆ ಹೆಂಗಸು ಕಳಚಬಾರದ ಒಡವೆ, ಅಂದರೆ ನಮ್ಮ ಕಡೆ ತಾಳಿ. ಕೃಷಿಕ, ಕೂಲಿಕಾರ, ಮನೆಗೆಲಸದವರು ತಾವಿರುವ ಸ್ವಂತ ಮನೆಯೂ ಆ ಪಟ್ಟಿಯಲ್ಲಿದೆ. ಪೇಟೆಯ ಅಂಗಡಿಕಾರನ ಮನೆ ಇಲ್ಲ. ಅದೇ ಸಂಹಿತೆಯ 56ನೇ ಕಲಮಿನಂತೆ ಹಣದ ಡಿಕ್ರಿಗಾಗಿ ಹೆಂಗಸನ್ನು ಸಿವಿಲ್ ಜೈಲಿಗೆ ಕಳಿಸುವಂತಿಲ್ಲ.

ಇಷ್ಟರವರೆಗೆ ಹೆಂಡತಿ ಕ್ಷೇಮ. ಅವಳನ್ನು ಸಿಕ್ಕಿಸುವುದು ದಿವಾಳಿ ಕಾಯ್ದೆಯಲ್ಲ, ಅವಳದೇ ರುಜು. ಇಬ್ಬರ ಹೆಸರಿನ ಮನೆಗೆ ಸಾಲ ಕೊಡುವಾಗ ಬ್ಯಾಂಕು ಇಬ್ಬರನ್ನೂ ಸಾಲಗಾರರನ್ನಾಗಿ ಮಾಡಿಕೊಳ್ಳುತ್ತದೆ, ಇಬ್ಬರಿಂದಲೂ ಅಡವು ಬರೆಸಿಕೊಳ್ಳುತ್ತದೆ. ಅಲ್ಲಿಗೆ ಯಾಜ್ಞವಲ್ಕ್ಯನ ನಡುವಿನ ಸಾಲ ಬಂತು. 1872ರ ಕರಾರು ಕಾಯ್ದೆಯಂತೆ ಇಬ್ಬರಲ್ಲಿ ಯಾರನ್ನು ಬೇಕಾದರೂ ಪೂರ್ತಿ ಬಾಕಿಗೆ ಹಿಡಿಯಬಹುದು. ಅಡವಿರುವ ಬ್ಯಾಂಕು ದಿವಾಳಿಯ ಹಂಚಿಕೆಗೆ ಕಾಯಬೇಕಾಗಿಯೂ ಇಲ್ಲ. 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟೀಸು ಕೊಟ್ಟು ಇಡೀ ಮನೆಯ ಮೇಲೆ ಹೋಗಬಹುದು. ಮನೆ ಸಾಲವನ್ನಾದರೂ ಮನೆಗೆ ತೆಗೆದದ್ದು ಎನ್ನೋಣ. ಗಂಡನ ವ್ಯಾಪಾರದ ಓವರ್‌ಡ್ರಾಫ್ಟಿಗೆ ಅದೇ ಮನೆಯನ್ನು ಆಧಾರ ಕೊಡುವಾಗ ‘ಇಲ್ಲೊಂದು ಸೈನು ಹಾಕೇ’ ಎಂದು ಊಟದ ಮೇಜಿನ ಮೇಲೆ ಹಾಕಿಸಿದ ಜಾಮೀನಿನ ರುಜು ಇನ್ನೂ ಕೆಟ್ಟದ್ದು. 1920ರ ಕಾಯ್ದೆಯ 44ನೇ ಕಲಮಿನ ಕೊನೆಯಲ್ಲೊಂದು ಕಹಿ ಮಾತಿದೆ: ದಿವಾಳಿಯಾದವನಿಗೆ ಕೋರ್ಟು ಋಣಮುಕ್ತಿ ಕೊಟ್ಟರೂ ಅವನ ಜೊತೆ ಜಂಟಿಯಾಗಿ ಕಟ್ಟುಬಿದ್ದವರಿಗೆ, ಅವನಿಗೆ ಜಾಮೀನು ನಿಂತವರಿಗೆ ಬಿಡುಗಡೆಯಿಲ್ಲ. ಅಂದರೆ ದೀಪ ಹಚ್ಚಿದವನು ಒಂದು ದಿನ ತಲೆಯೆತ್ತಿ ನಡೆಯಬಹುದು, ಸಾಲ ಮಾತ್ರ ಹೆಂಡತಿಯ ಬೆನ್ನು ಬಿಡದು.

ಇದನ್ನು ತಿಳಿದೋ ತಿಳಿಯದೆಯೋ ಜನ ಹಿಡಿಯುವ ಇನ್ನೊಂದು ದಾರಿಗೆ ಕನ್ನಡದಲ್ಲಿ ಸಿದ್ಧವಾದ ವಾಕ್ಯವೇ ಇದೆ: ‘ಎಲ್ಲಾ ಹೆಂಡ್ತಿ ಹೆಸರಿಗೆ ಮಾಡಿಟ್ಟಿದಾನೆ.’ ಹೊಟ್ಟೆಕಿಚ್ಚೂ ಮೆಚ್ಚುಗೆಯೂ ಬೆರೆತ ವಾಕ್ಯ. ಅಷ್ಟು ಸುಲಭವಲ್ಲ. ದಾನಪತ್ರ ಬರೆದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದು ಅವನು ದಿವಾಳಿಯಾದರೆ 1920ರ ಕಾಯ್ದೆಯ 53ನೇ ಕಲಮಿನಂತೆ ಆ ದಾನವನ್ನು ಕೋರ್ಟು ರದ್ದು ಮಾಡಬಹುದು. ಎರಡು ವರ್ಷ ದಾಟಿದರೂ ಸಾಲ ಕೊಟ್ಟವರಿಗೆ ಟೋಪಿ ಹಾಕಲೆಂದೇ ಬರೆದದ್ದು ಎಂದು ಸಾಬೀತಾದರೆ ಆಸ್ತಿ ವರ್ಗಾವಣೆ ಕಾಯ್ದೆ ಬಿಡುವುದಿಲ್ಲ. ಕಾನೂನಿಗೆ ಒಪ್ಪಿಗೆಯಾಗುವ ಮುಚ್ಚಟೆ ಬೇಕಾದರೆ ಒಂದಿದೆ, 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ. ಅದರ 6ನೇ ಕಲಮಿನಂತೆ ಹೆಂಡತಿ-ಮಕ್ಕಳಿಗೆಂದು ಬರೆದು ಗಂಡ ಮಾಡಿಸಿದ ಜೀವವಿಮೆ ಅವನ ಸಾಲಕ್ಕೆ ಸಿಗುವುದಿಲ್ಲ. ಮನೆಗೆ ಅಂಥ ರಕ್ಷೆ ಇಲ್ಲ.

ದೆಹಲಿ 2016ರಲ್ಲಿ ಹೊಸ ದಿವಾಳಿ ಸಂಹಿತೆ ಮಾಡಿತು. ಕಂಪನಿಗಳ ಸುದ್ದಿಯಲ್ಲಿ ದಿನವೂ ಕೇಳುವುದು ಅದೇ. ವ್ಯಕ್ತಿಗಳ ದಿವಾಳಿಗೆಂದು ಅದರಲ್ಲಿ ಮೂರನೆಯ ಭಾಗವಿದೆ. ಅದನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಸ್ವಂತ ಜಾಮೀನು ನಿಂತವರಿಗೆ ಮಾತ್ರ. 2021ರಲ್ಲೂ 2023ರಲ್ಲೂ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈ ಜಾಮೀನುದಾರರಲ್ಲಿ ಹೆಸರಿಗೆ ಡೈರೆಕ್ಟರಾದ ಹೆಂಡತಿಯರೂ ಇರುತ್ತಾರೆ. ಅಡವಿಲ್ಲದ ಒಂದು ವಾಸದ ಮನೆಯನ್ನು ಸಾಲ ಕೊಟ್ಟವರ ಕೈಗೆ ಸಿಗದಂತೆ ಹೊರಗಿಡಬೇಕು ಎಂದು ಈ ಸಂಹಿತೆ ಒಪ್ಪುತ್ತದೆ, ಒಳ್ಳೆಯದೇ. ನಿಯಮ ಇಟ್ಟ ಮಿತಿ ಪಟ್ಟಣದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ರೂಪಾಯಿ. ಬೆಂಗಳೂರಿನಲ್ಲಿ 20 ಲಕ್ಷಕ್ಕೆ ಸೈಟಿನ ಮೂಲೆಯನ್ನಾದರೂ ತೋರಿಸಿದವರಿಗೆ ನನ್ನ ನಮಸ್ಕಾರ.

ಮಿಕ್ಕ ನಮಗೆಲ್ಲ 1920ರದ್ದೇ. 500 ರೂಪಾಯಿ ಸಾಲವಿದ್ದವನು ದಿವಾಳಿ ಅರ್ಜಿ ಹಾಕಬಹುದು ಎಂದು ಆ ಕಾಯ್ದೆಯ ಮೂಲ ಪಾಠ ಹೇಳುತ್ತದೆ. ನೂರು ವರ್ಷದ ಕೆಳಗೆ ಅದು ದೊಡ್ಡ ಮೊತ್ತ. ಕಾಯ್ದೆ ಯಾವುದೇ ಇರಲಿ, ಕೊನೆಗೆ ಮಾತಾಡುವುದು ಪತ್ರದಲ್ಲಿ ಬರೆದ ಪಾಲು ಮತ್ತು ರುಜು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇಬ್ಬರ ಹೆಸರಿನ ಮನೆಯಿದ್ದರೆ ಈ ಭಾನುವಾರ ಬೀರುವಿನಿಂದ ಎರಡು ಕಾಗದ ಹೊರಗೆ ತೆಗೆಯಿರಿ. ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟು ಎಂದು ಬರೆದಿದೆಯೇ ನೋಡಿ, ಸಾಲದ ಪತ್ರದಲ್ಲಿ ಯಾರ ಯಾರ ರುಜು ಯಾವ ಹೆಸರಿನ ಕೆಳಗೆ ಇದೆ ನೋಡಿ: ಸಹ-ಸಾಲಗಾರರೋ, ಜಾಮೀನುದಾರರೋ, ಬರಿಯ ಸಾಕ್ಷಿಯೋ. ಗೊತ್ತಾಗದಿದ್ದರೆ ಊರಿನ ವಕೀಲರಿಗೊಮ್ಮೆ ತೋರಿಸಿ.